ಗಂಟಿಗೆ ಹೋಗುವ ರಕ್ತ

ಆಗಸ್ಟ್ 4, ಸೋಮವಾರ

ನಮ್ಮನೆಯವರ ಲಿವರಿನಲ್ಲಿ ಗಂಟಿದೆಯಂತೆ. ಕ್ಯಾನ್ಸರ್ ಗಂಟು. ದೊಡ್ಡಬಳ್ಳಾಪುರದ ಸ್ಕ್ಯಾನಿಂಗ್ ಸೆಂಟರಿನ ಹುಡುಗಿ ಲಕೋಟೆ ಕೊಡುವಾಗಲೇ ಮುಖ ಆ ಕಡೆ ತಿರುಗಿಸಿಕೊಂಡಳು. ನನಗೆ ಆಗಲೇ ಗೊತ್ತಾಯಿತು. ಹಾಲಿಗೆ ನೀರು ಬೆರೆಸಿಕೊಂಡು ಬರುವವರೂ ಕ್ಯಾನು ಇಳಿಸುವಾಗ ಹೀಗೆಯೇ ಮುಖ ತಿರುಗಿಸುತ್ತಾರೆ. ನಮ್ಮೂರ ಹಾಲಿನ ಸೊಸೈಟಿಗೆ ಸೆಕ್ರೆಟರಿಯಾಗಿ ನನ್ನ ತಲೆ ಅರ್ಧ ನೆರೆತಿದೆ, ಮುಖ ನೋಡಿಯೇ ಹಾಲಿನ ಗುಣ ಹೇಳಬಲ್ಲೆ.

ಈ ಮನುಷ್ಯನಿಗೆ ಕುಡಿತವಿಲ್ಲ, ಬೀಡಿಯಿಲ್ಲ. ಆಯುಸ್ಸಿನ ಅರ್ಧ ಸರ್ಕಾರಿ ಬಸ್ಸು ಓಡಿಸಿ ಹೋದ ವರ್ಷ ನಿವೃತ್ತಿಯಾದವರು. ಯಾವ ಕಾಲದಿಂದಲೋ ಕಾಮಾಲೆಯ ವೈರಸ್ಸು ಒಳಗೇ ಕೂತಿತ್ತಂತೆ. ವಾಪಸು ಬರುವಾಗ ಬಸ್ಸಿನಲ್ಲಿ ಇವರು ಒಂದೇ ಒಂದು ಮಾತಾಡಿದರು. "ಈ ಡ್ರೈವರ್ ಕ್ಲಚ್ ಮೇಲೆ ಕಾಲಿಟ್ಕೊಂಡೇ ಓಡಿಸ್ತಾನೆ, ಪ್ಲೇಟ್ ಸುಟ್ಟೋಗುತ್ತೆ."

ಮನೆಗೆ ಬಂದು ಕೊಟ್ಟಿಗೆಯಲ್ಲಿ ಹಸುವಿನ ಪಕ್ಕ ನಿಂತು ಅತ್ತೆ. ಆಮೇಲೆ ಮುಖ ತೊಳೆದುಕೊಂಡು ಸಂಜೆಯ ಹಾಲು ಹಾಕಿಸಿಕೊಳ್ಳಲು ಹೋದೆ. ಅತ್ತದ್ದು ಸಾಕು. ಇನ್ನು ಮೇಲೆ ಏನೇನು ಆಗಬೇಕು ಅನ್ನುವುದನ್ನು ನಾನು ನೋಡಿಕೊಳ್ಳುತ್ತೇನೆ. ಮರೆಯಬಾರದೆಂದು ಇಲ್ಲಿ ಬರೆದಿಡುತ್ತೇನೆ.

ಆಗಸ್ಟ್ 6, ಬುಧವಾರ

ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಹೋಗಿ ಬಂದೆವು. ಮಗಳು ಕೀರ್ತನ ವಿಮಾನ ನಿಲ್ದಾಣದ ಕೆಲಸಕ್ಕೆ ರಜೆ ಹಾಕಿ ದೇವನಹಳ್ಳಿಯಿಂದ ನೇರ ಅಲ್ಲಿಗೇ ಬಂದಿದ್ದಳು. ಡಾಕ್ಟರು ಹೆಣ್ಣುಮಗಳು, ಅಕ್ಷತ ಅಂತ. ನನ್ನ ಮಗಳಿಗಿಂತ ನಾಲ್ಕು ವರ್ಷ ದೊಡ್ಡವಳಿರಬಹುದು. ಅವಸರವಿಲ್ಲದೆ ಚಿತ್ರ ಬರೆದು ಹೇಳಿದಳು.

"ಲಿವರ್‌ಗೆ ಎರಡು ಕಡೆಯಿಂದ ರಕ್ತ ಬರುತ್ತಮ್ಮ. ಕರುಳಿಂದ ಬರೋ ದಪ್ಪ ನಾಳ ಒಂದು, ಪೋರ್ಟಲ್ ವೇನ್ ಅಂತ. ಮುಕ್ಕಾಲು ಪಾಲು ರಕ್ತ ಅದರಿಂದಲೇ. ಇನ್ನೊಂದು ಸಣ್ಣದು, ಆರ್ಟರಿ. ಲಿವರ್‌ನ ಒಳ್ಳೆ ಭಾಗ ಬದುಕೋದು ಹೆಚ್ಚಾಗಿ ದಪ್ಪ ನಾಳದಿಂದ. ಗಂಟು ಮಾತ್ರ ಕುಡಿಯೋದು ಆರ್ಟರಿಯಿಂದ."

ಗಂಟು ಬಲಭಾಗದಲ್ಲಿದೆ. ಅಲ್ಲೇ ಇರದೆ ದಪ್ಪ ನಾಳದ ಬಲಗವಲಿನೊಳಗೆ ಇಳಿದು ಬೆಳೆಯುತ್ತಿದೆ. ಎರಡು ಕವಲು ಸೇರುವ ಕಾಂಡಕ್ಕೆ ಇನ್ನೂ ಬಂದಿಲ್ಲ. ಬಂದರೆ ಕಷ್ಟ, ದಾರಿಗಳು ಒಂದೊಂದೇ ಮುಚ್ಚಿಕೊಳ್ಳುತ್ತವೆ ಅಂದಳು. ಈಗ ಕೊಯ್ದು ತೆಗೆಯಲು ಆಗುವುದಿಲ್ಲ. ತೊಡೆಯ ಸಂದಿನಿಂದ ಕೂದಲಿನಂಥ ಕೊಳವೆ ತೂರಿಸಿ, ಗಂಟಿಗೆ ಹೋಗುವ ಆರ್ಟರಿಯವರೆಗೂ ತಲುಪಿಸಿ, ವಿಕಿರಣದ ಸಣ್ಣ ಮಣಿಗಳನ್ನು ಬಿಡುತ್ತಾರಂತೆ.

"ಅದು ಯಾವ ದಾರೀಲಿ ಊಟ ತರಿಸ್ಕೋತಿದೆಯೋ ಅದೇ ದಾರೀಲಿ ನಾವು ಮದ್ದು ಕಳಿಸ್ತೀವಿ" ಅಂದಳು. ನನಗೆ ಬಹಳ ಹಿಡಿಸಿತು. ಕೆಲಸ ಗೊತ್ತಿರುವವರ ಮಾತು.

ಹಸಿವು ಹೇಗಿದೆ ಅಂತ ಇವರನ್ನು ಕೇಳಿದಳು. ಕಮ್ಮಿಯಾಗಿದೆ ಅಂದೆ. ನಿದ್ದೆ? ಬರುತ್ತೆ ಅಂದೆ. ನೋವು? ಬಲಪಕ್ಕೆ ಒಮ್ಮೊಮ್ಮೆ ಹಿಡಿಯುತ್ತೆ ಅಂದೆ. "ಅವರೇ ಹೇಳಲಿ ಬಿಡಿಮ್ಮ" ಅಂದಳು ಡಾಕ್ಟರು. ಇವರು ನಕ್ಕು, "ಅವಳಿಗೇ ಚೆನ್ನಾಗಿ ಗೊತ್ತು ಬಿಡಿ" ಅಂದರು. ನಿಜವೇ ತಾನೆ.

ಸೆಪ್ಟೆಂಬರ್ ಒಂದಕ್ಕೆ ಬಂದು ಸೇರಿ ಅಂದಿದ್ದಾರೆ. ಅಲ್ಲಿಯವರೆಗೆ ಚೆನ್ನಾಗಿ ನೋಡಿಕೊಳ್ಳಿ ಅಂದರು. ಅದನ್ನು ನನಗೆ ಹೇಳಿಕೊಡಬೇಕೆ?

ಆಗಸ್ಟ್ 7, ಗುರುವಾರ

ಬೆಳಿಗ್ಗೆ ಹಾಲಿನ ಪರೀಕ್ಷೆ ಮಾಡುತ್ತಿದ್ದಾಗ ಹೊಳೆಯಿತು. ಪಿಳ್ಳಪ್ಪನ ಹಾಲು ತೆಳ್ಳಗಿತ್ತು, ಫ್ಯಾಟು ಬರಲೇ ಇಲ್ಲ. "ಇದ್ರಲ್ಲಿ ಬೆಕ್ಕಿಗೂ ಏನೂ ಸಿಗಲ್ಲ ಕಣಪ್ಪ" ಅಂತ ವಾಪಸು ಕಳಿಸಿದೆ. ಅವನು ಗೊಣಗಿಕೊಂಡು ಹೋದ ಮೇಲೆ ಅದೇ ಮಾತು ತಲೆಯಲ್ಲಿ ನಿಂತಿತು. ಗಂಟು ಬದುಕಿರುವುದೇ ರಕ್ತ ಕುಡಿದು. ಆ ರಕ್ತವೇ ತೆಳ್ಳಗಾದರೆ ಗಂಟಿಗೆ ಏನು ಸಿಗುತ್ತದೆ?

ಡಾಕ್ಟರು ಮಣಿ ಬಿಡುವುದು ಸೆಪ್ಟೆಂಬರಿನಲ್ಲಿ. ಅಲ್ಲಿಯವರೆಗೆ ಅದು ಕುಡಿದು ಕೊಬ್ಬುವುದನ್ನು ನೋಡುತ್ತಾ ಕೂರುವವಳಲ್ಲ ನಾನು. ರಕ್ತ ಹಿಡಿಸುವ ಪದಾರ್ಥವೆಲ್ಲ ಇವತ್ತಿನಿಂದ ಬಂದ್. ರಾಗಿ ಮುದ್ದೆ ಇಲ್ಲ, ನುಗ್ಗೆಸೊಪ್ಪು ಇಲ್ಲ, ಬೀಟ್‌ರೂಟ್, ದಾಳಿಂಬೆ, ಬೆಲ್ಲ, ಬೇಳೆ, ಕಡಲೆಕಾಯಿ, ಮೊಟ್ಟೆ, ಬಾಡು ಯಾವುದೂ ಇಲ್ಲ. ಅನ್ನದ ಗಂಜಿ, ಸೋರೆಕಾಯಿ, ಬೂದುಗುಂಬಳ, ನೀರು ಮಜ್ಜಿಗೆ. ಊಟ ಬಲ್ಲವನಿಗೆ ರೋಗವಿಲ್ಲ ಅಂತ ಹಿರಿಯರು ಸುಮ್ಮನೆ ಅಂದಿಲ್ಲ.

ಇವರಿಗೆ ಹೇಳಿದೆ. ತಟ್ಟೆ ನೋಡಿದರು, ನನ್ನ ಮುಖ ನೋಡಿದರು. "ಆಯ್ತು" ಅಂದರು. ಮದುವೆಯಾದಾಗಿನಿಂದ ಊಟದ ವಿಷಯಕ್ಕೆ ಒಂದು ಸೊಲ್ಲೆತ್ತಿದವರಲ್ಲ, ಅದೊಂದು ಪುಣ್ಯ.

ಆಗಸ್ಟ್ 8, ಶುಕ್ರವಾರ

ವರಮಹಾಲಕ್ಷ್ಮಿ ಹಬ್ಬ. ದೇವಿಯ ಮುಂದೆ ಒಬ್ಬಟ್ಟು ಇಟ್ಟೆ, ಇವರಿಗೆ ಕೊಡಲಿಲ್ಲ. ಬೆಲ್ಲ, ಬೇಳೆ ಎರಡೂ ಇದೆಯಲ್ಲ. ಪಡಸಾಲೆಯಲ್ಲಿ ಕೂತು, ಹಬ್ಬಕ್ಕೆ ಬಂದಿದ್ದ ಕೀರ್ತನ ತಿನ್ನುವುದನ್ನು ನೋಡುತ್ತಿದ್ದರು. "ವಾಸನೆ ಚೆನ್ನಾಗಿದೆ" ಅಂದರು.

ಕೀರ್ತನ, "ಅಮ್ಮ, ಇದನ್ನ ಡಾಕ್ಟ್ರು ಹೇಳಿದ್ರಾ?" ಅಂದಳು. ಹೇಳಿದ್ದನ್ನು ಅರ್ಥ ಮಾಡಿಕೊಳ್ಳುವುದಕ್ಕೆ ತಲೆ ಬೇಕು ಅಂದೆ.

ಆಗಸ್ಟ್ 17, ಭಾನುವಾರ

ತ್ಯಾಮಗೊಂಡ್ಲುವಿನಿಂದ ನಮ್ಮ ಅತ್ತಿಗೆ ಬೈರಮ್ಮ ಬಂದಿದ್ದರು. ಇವರ ಅಕ್ಕ. ಒಂದು ಕೈಯಲ್ಲಿ ಎಳನೀರಿನ ಗೊನೆ, ಇನ್ನೊಂದರಲ್ಲಿ ಡಬ್ಬಿ. ಡಬ್ಬಿ ತುಂಬ ಕುರಿಯ ಈಲಿ, ಅಂದರೆ ಲಿವರು, ಮೆಣಸು ಹಾಕಿ ಹುರಿದದ್ದು. "ಈಲಿಗೆ ಈಲಿನೇ ಮದ್ದು ಕಣಮ್ಮಿ, ತಮ್ಮಯ್ಯನ್ಗೆ ಬಡಿಸು" ಅಂದರು.

ಡಬ್ಬಿ ಮುಚ್ಚಿ ಕೈಗೇ ಕೊಟ್ಟೆ. ರಕ್ತದ ವಿಷಯ ಬಿಡಿಸಿ ಹೇಳಿದೆ. ಅವರು ಬಾಯಿ ಬಿಟ್ಟುಕೊಂಡು ಕೇಳಿಸಿಕೊಂಡು, "ಅಲ್ಲಾ ಪ್ರಮೋದಾ, ರಕ್ತ ಇಲ್ದೆ ಮನ್ಸ ಹೆಂಗೆ ನಿಂತ್ಕೊತಾನೆ? ಗಂಟು ಸಾಯಕ್ ಮುಂಚೆ ನನ್ ತಮ್ಮ ಸತ್ತೋಯ್ತಾನೆ" ಅಂದರು.

ಮನೆಯೊಳಗೆ ಆ ಮಾತು ಆಡಿದ್ದಕ್ಕೆ ನನಗೆ ಮೈಯೆಲ್ಲ ಉರಿದುಹೋಯಿತು. ಊಟ ಬಲ್ಲವನಿಗೆ ರೋಗವಿಲ್ಲ ಅಂದೆ. "ಅದರ ಮುಂದಿಂದೂ ಹೇಳು. ಮಾತು ಬಲ್ಲವನಿಗೆ ಜಗಳವಿಲ್ಲ" ಅಂದವರೇ ಡಬ್ಬಿ ಎತ್ತಿಕೊಂಡು ನಾಲ್ಕರ ಬಸ್ಸಿಗೆ ಹೊರಟೇಬಿಟ್ಟರು. ಇವರು ಗೇಟಿನವರೆಗೂ ಹೋಗಿ, ವಾಪಸು ಬರುವಾಗ ಕಟ್ಟೆಯ ಮೇಲೆ ಕೂತು ಸುಧಾರಿಸಿಕೊಂಡರು.

ಹೋದರೆ ಹೋಗಲಿ. ಜವಾಬ್ದಾರಿ ನನ್ನದು.

ಆಗಸ್ಟ್ 24, ಭಾನುವಾರ

ಮಾಕಳಿದುರ್ಗ ಹತ್ತಲು ಬಂದ ಬೆಂಗಳೂರಿನ ಹುಡುಗರು ಸೊಸೈಟಿ ಮುಂದೆ ಬೈಕು ನಿಲ್ಲಿಸಿ ದಾರಿ ಕೇಳಿದರು. ಇವರಿದ್ದರೆ ಅಂಥವರ ಜೊತೆ ಗೇರು, ಬ್ರೇಕು ಅಂತ ಅರ್ಧ ಗಂಟೆ ಕಳೆಯುತ್ತಿದ್ದರು. ಇವತ್ತು ಮಂಚದಿಂದ ಏಳಲಿಲ್ಲ.

ಮುಖ ಬೆಳ್ಳಗಾಗಿದೆ. ರಕ್ತ ತೆಳ್ಳಗಾಗುತ್ತಿದೆ ಅಂತಲೇ ಅರ್ಥ. ನನ್ನ ಪಥ್ಯ ಹಿಡಿಯುತ್ತಿದೆ.

ಸೆಪ್ಟೆಂಬರ್ 1, ಸೋಮವಾರ

ಸೇರಿಸಿಕೊಳ್ಳಲಿಲ್ಲ.

ರಕ್ತ ಪರೀಕ್ಷೆಯಾಯಿತು, ತೂಕ ನೋಡಿದರು. ಡಾಕ್ಟರ್ ಅಕ್ಷತ ಹಳೆಯ ರಿಪೋರ್ಟು ಹೊಸ ರಿಪೋರ್ಟು ಪಕ್ಕಪಕ್ಕ ಇಟ್ಟುಕೊಂಡು ಹುಬ್ಬು ಗಂಟಿಕ್ಕಿದಳು. ಮೈಯಲ್ಲಿ ಪ್ರೋಟೀನ್ ಇಳಿದುಹೋಗಿದೆ, ರಕ್ತ ಇಳಿದಿದೆ, ತೂಕವೂ ಹೋಗಿದೆ. ಈ ಸ್ಥಿತಿಯಲ್ಲಿ ಮಣಿ ಬಿಟ್ಟರೆ ಒಳ್ಳೆಯ ಲಿವರೂ ತಡೆದುಕೊಳ್ಳುವುದಿಲ್ಲ ಅಂದಳು. ಇದು ರೋಗದ್ದಲ್ಲ, ಇನ್ನೇನೋ ಆಗಿದೆ ಅಂದಳು. ಊಟದ ವಿಷಯ ನೋಡಿಕೊಳ್ಳುವ ಮೋನಿಷಾ ಅನ್ನುವ ಹುಡುಗಿಯನ್ನು ಕರೆಸಿದಳು.

ಏನೇನು ತಿನ್ನುತ್ತಾರೆ ಅಂತ ಆ ಹುಡುಗಿ ಇವರನ್ನು ಕೇಳಿದಳು. ನಾನೇ ಹೇಳಿದೆ. ಎಲ್ಲಾ ಹೇಳಿದೆ, ಹೆಮ್ಮೆಯಿಂದಲೇ ಹೇಳಿದೆ. ಗಂಟಿಗೆ ರಕ್ತ ಸಿಗಬಾರದೆಂದು ಹೀಗೆ ಮಾಡಿದೆ ಅಂದೆ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಡಾಕ್ಟರು ನನ್ನ ಪಕ್ಕದ ಕುರ್ಚಿಗೆ ಬಂದು ಕೂತು, "ಅಮ್ಮ, ನಾನು ಆವತ್ತು ಸರಿಯಾಗಿ ಹೇಳಬೇಕಿತ್ತು. ಮೈಗೆ ರಕ್ತ ಕಮ್ಮಿ ಆದರೆ ಮೊದಲು ಸೊರಗೋದು ಮನುಷ್ಯ. ಗಂಟು ತನ್ನ ಪಾಲು ಬಿಡಲ್ಲ, ಕಿತ್ಕೊಂಡಾದರೂ ಕುಡಿಯುತ್ತೆ. ನಾವು ಅದರ ಒಂದು ದಾರಿ ಮಾತ್ರ ಮುಚ್ಚಬೇಕು. ಇವರನ್ನ ಗಟ್ಟಿಯಾಗಿ ಇಟ್ಕೋಬೇಕು" ಅಂದಳು.

ಹದಿನೈದಕ್ಕೆ ಬನ್ನಿ ಅಂದರು. ಅಷ್ಟರಲ್ಲಿ ಗಂಟು ಕಾಂಡಕ್ಕೆ ಬಂದರೆ ಅಂತ ಕೇಳಿದೆ. "ಬರದೇ ಇರಲಿ" ಅಂದಳು ಡಾಕ್ಟರು.

ಸೆಪ್ಟೆಂಬರ್ 2, ಮಂಗಳವಾರ

ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತ ಊರಿಗೆಲ್ಲ ಹೇಳುವವಳು ನಾನು.

ಸೆಪ್ಟೆಂಬರ್ 4, ಗುರುವಾರ

ನಿನ್ನೆ ಬರೆಯಲು ಕೈ ಏಳಲಿಲ್ಲ. ಇವತ್ತು ಎದ್ದು ಮುದ್ದೆ ತಿರುವಿದೆ. ಎರಡು ಮೊಟ್ಟೆ, ಹೆಸರುಕಾಳು, ನುಗ್ಗೆಸೊಪ್ಪಿನ ಸಾರು. ಉಪ್ಪು ಕಮ್ಮಿ. ಮೋನಿಷಾ ಬರೆದುಕೊಟ್ಟ ಹಾಗೇ.

ಬಡಿಸುವಾಗ ತಡೆಯಲಾಗಲಿಲ್ಲ. "ಹಸಿವಾಗ್ತಿದೆ ಅಂತ ಒಂದ್ಸಲನಾದ್ರೂ ಬಾಯಿ ಬಿಡಬಾರ್ದಾ ನೀವು? ಬಸ್ಸಿನ ಡ್ರೈವರಾಗಿ ಹಾರ್ನ್ ಹೊಡೆಯಕ್ಕೆ ಬರಲ್ವಾ?" ಅಂದೆ.

ಮುದ್ದೆ ಮುರಿಯುತ್ತಾ ನಿಧಾನವಾಗಿ ಹೇಳಿದರು. "ನೀನು ಅಡುಗೆಮನೇಲಿ ಗಂಟಿನ ಮೇಲೆ ಯುದ್ಧ ಮಾಡ್ತಿದ್ದೆ. ಆ ಕೆಲ್ಸನೂ ಇಲ್ದಿದ್ರೆ ಕೊಟ್ಟಿಗೇಲಿ ನಿಂತ್ಕೊಂಡು ಅಳ್ತಿದ್ದೆ. ಆವತ್ತು ನೋಡಿದೀನಿ ನಾನು."

ಹಸುವಿಗೆ ನೀರಿಡುವ ನೆಪ ಮಾಡಿ ಎದ್ದು ಹೋದೆ. ಕೊಟ್ಟಿಗೆಗೆ ಹೋಗಲಿಲ್ಲ, ಹಿತ್ತಲಿಗೆ ಹೋದೆ. ನನ್ನನ್ನು ಸುಮ್ಮನಿರಿಸಲು ಈ ಮನುಷ್ಯ ಗಂಜಿ ಕುಡಿದುಕೊಂಡು ಸವೆದರು. ಇಷ್ಟು ಕೋಪ ನನಗೆ ಯಾರ ಮೇಲೂ ಬಂದಿಲ್ಲ. ಇಷ್ಟು ಪ್ರೀತಿಯೂ ಬಂದಿಲ್ಲ.

ಮಧ್ಯಾಹ್ನ ಬೈರಮ್ಮನವರಿಗೆ ಫೋನ್ ಮಾಡಿದೆ. "ನೀವು ಹೇಳಿದ್ದೇ ಸರಿ, ಬನ್ನಿ ಅತ್ತಿಗೆ" ಅಂದೆ. "ಈಲಿ ತರ್ಲಾ?" ಅಂದರು. ಈಲಿಗೆ ಈಲಿ ಮದ್ದಲ್ಲವಂತೆ, ಅದು ಬೇಡ, ಕೋಳಿ ಮೊಟ್ಟೆ ತನ್ನಿ ಅಂದೆ. "ಹಂಗಾದ್ರೆ ನಾನೂ ಅರ್ಧ ತಪ್ಪೇ ಬಿಡು" ಅಂತ ನಕ್ಕುಬಿಟ್ಟರು.

ಸೆಪ್ಟೆಂಬರ್ 15, ಸೋಮವಾರ

ಇವರು ನಡೆದುಕೊಂಡೇ ಆಸ್ಪತ್ರೆಯ ಮೆಟ್ಟಿಲು ಹತ್ತಿದರು. ರಕ್ತ ಏರಿದೆ, ಪ್ರೋಟೀನ್ ಏರುತ್ತಿದೆ. ಸೇರಿಸಿಕೊಂಡರು.

ಇವತ್ತು ಮಾಡಿದ್ದು ದಾರಿ ನೋಡುವ ಕೆಲಸ. ಕೊಳವೆ ತೂರಿಸುವ ಡಾಕ್ಟರು ವಿಜಯ್ ಅಂತ. ಮುಗಿದ ಮೇಲೆ ನನ್ನನ್ನೂ ಕೀರ್ತನಳನ್ನೂ ಒಳಗೆ ಕರೆದು ಪರದೆಯ ಮೇಲೆ ತೋರಿಸಿದರು. ಕಪ್ಪಗೆ ಕವಲೊಡೆದ ಆರ್ಟರಿ, ಅದರ ತುದಿಯಲ್ಲಿ ಮಸಿ ಚೆಲ್ಲಿದಂತೆ ಗಂಟು. ಅಲ್ಲಿಂದ ದಪ್ಪ ನಾಳದ ಉದ್ದಕ್ಕೂ ಸಣ್ಣ ಸಣ್ಣ ಎಳೆಗಳು, ದೊಡ್ಡಬಳ್ಳಾಪುರದ ಮಗ್ಗದಲ್ಲಿ ಹಾಸು ಹಾಕಿದ ರೇಷ್ಮೆಯ ಹಾಗೆ.

"ನಾಳದೊಳಗೆ ಇಳಿದಿರೋ ಭಾಗಕ್ಕೂ ಆರ್ಟರಿನೇ ಹೀಗೆ ಎಳೆ ಎಳೆಯಾಗಿ ರಕ್ತ ಕೊಡ್ತಿದೆ ನೋಡಿ. ಅಂದ್ರೆ ನಮ್ಮ ಮಣಿ ಅಲ್ಲಿಗೂ ಹೋಗುತ್ತೆ" ಅಂದರು.

ತುದಿ ಎಲ್ಲಿದೆ ಅಂದೆ. ಬೆರಳಿಟ್ಟು ತೋರಿಸಿದರು. ಕಾಂಡದ ಬಾಯಿಗೆ ಬಂದು ನಿಂತಿದೆ. ಒಳಗೆ ಕಾಲಿಟ್ಟಿಲ್ಲ. ಮಣಿ ದಾರಿ ತಪ್ಪಿ ಶ್ವಾಸಕೋಶಕ್ಕೆ ಹೋಗುತ್ತದೆಯೇ ಅಂತ ಪರೀಕ್ಷೆಯ ಮಣಿಗಳನ್ನೂ ಬಿಟ್ಟು ನೋಡಿದ್ದಾರೆ. ಹೋಗುವುದಿಲ್ಲ.

ಕಾಂಡದ ಬಾಯಿಯಲ್ಲಿ ನಿಂತಿದೆ. ನಿಂತಿದೆ ತಾನೆ? ಸಾಕು. ಅಲ್ಲಿಂದಲೇ ವಾಪಸು ಅಟ್ಟೋಣ.

ಸೆಪ್ಟೆಂಬರ್ 25, ಗುರುವಾರ

ಮಣಿ ಬಿಟ್ಟರು. ಅಂದುಕೊಂಡಷ್ಟೂ ಅಂದುಕೊಂಡ ಕಡೆಗೇ ಹೋಗಿದೆ ಅಂದರು ವಿಜಯ್ ಡಾಕ್ಟರು. ಹೊರಗೆ ಬೈರಮ್ಮನವರು ಘಾಟಿ ಸುಬ್ರಹ್ಮಣ್ಯನಿಗೆ ಹರಕೆ ಹೊತ್ತುಕೊಂಡು ಕೂತಿದ್ದರು. ನಾನೂ ಒಂದು ಹೊತ್ತೆ. ಎರಡಿದ್ದರೆ ನಷ್ಟವೇನು?

ಸೆಪ್ಟೆಂಬರ್ 29, ಸೋಮವಾರ

ಒಂದು ವಾರ ಸ್ವಲ್ಪ ದೂರ ಮಲಗಿ ಅಂದಿದ್ದಾರೆ, ಒಳಗೆ ವಿಕಿರಣ ಇದೆಯಲ್ಲ. ಪಡಸಾಲೆಯ ಆ ಗೋಡೆಗೆ ಇವರ ಮಂಚ, ಈ ಗೋಡೆಗೆ ನನ್ನ ಚಾಪೆ. ವಿಪರೀತ ಸುಸ್ತು ಅನ್ನುತ್ತಾರೆ, ಆದರೆ ದೂರ ಮಲಗಿದ ಮೇಲೆ ಇವರಿಗೆ ಮಾತು ಹೆಚ್ಚಾಗಿದೆ. ಹೊಸದಾಗಿ ಡ್ರೈವರಾದಾಗ ಸಾಸಲು ರೂಟಿನಲ್ಲಿ ಒಂದು ಎಮ್ಮೆ ದಿನಾ ಬಸ್ಸಿಗೆ ಅಡ್ಡ ನಿಲ್ಲುತ್ತಿತ್ತಂತೆ, ಅದರ ಕಥೆ. ನನಗೆ ಗೊತ್ತೇ ಇರಲಿಲ್ಲ. ನಡುವೆ ಬಾಯಿ ಹಾಕಬೇಕೆಂದರೆ ಕೂಗಬೇಕು, ಅದಕ್ಕೆ ಸುಮ್ಮನೆ ಕೇಳಿದೆ.

ಅಕ್ಟೋಬರ್ 1, ಬುಧವಾರ

ಆಯುಧಪೂಜೆ. ಇವರೇ ಎದ್ದು ಹಳೆ ಸ್ಕೂಟರಿಗೆ ಚೆಂಡುಹೂವಿನ ಹಾರ ಹಾಕಿದರು. ನಿಂಬೆಹಣ್ಣಿನ ಮೇಲೆ ಹತ್ತಿಸಲು ನಾನು ತಳ್ಳಿದೆ. ಮೊಟ್ಟೆ, ಮುದ್ದೆ, ನುಗ್ಗೆಸೊಪ್ಪು ನಡೆಯುತ್ತಿದೆ. ಸೊಪ್ಪಿನ ಪಲ್ಯ, ಸೊಪ್ಪಿನ ಸಾರು, ಸೊಪ್ಪಿನ ರೊಟ್ಟಿ. ಒಂದು ತಪ್ಪಿಗೆ ಹತ್ತು ಪಟ್ಟು ತೀರಿಸುತ್ತೇನೆ.

ನವೆಂಬರ್ 12, ಬುಧವಾರ

ತೂಕ ವಾಪಸು ಬಂದಿದೆ. ಬೈಕಿನ ಹುಡುಗರ ಜೊತೆ ಗೇರಿನ ಮಾತು ಶುರುವಾಗಿದೆ. ಪಿಳ್ಳಪ್ಪ ಕೂಡ ಈಗ ಹಾಲು ಗಟ್ಟಿ ತರುತ್ತಾನೆ.

ಡಿಸೆಂಬರ್ 29, ಸೋಮವಾರ

ಸ್ಕ್ಯಾನ್ ಆಯಿತು. ಪೂರ್ತಿ ಬರೆಯುತ್ತೇನೆ, ಒಂದಕ್ಷರ ಬಿಡುವುದಿಲ್ಲ.

ಡಾಕ್ಟರ್ ಅಕ್ಷತ ಪರದೆ ನಮ್ಮ ಕಡೆ ತಿರುಗಿಸಿದಳು. ಗಂಟು ಕುಗ್ಗಿದೆ. ದಪ್ಪ ನಾಳದೊಳಗೆ ಇಳಿದಿದ್ದ ಭಾಗ ಕಾಂಡದ ಬಾಯಿಂದ ಹಿಂದಕ್ಕೆ ಸರಿದಿದೆ. ರೇಷ್ಮೆ ಎಳೆಗಳು ಒಂದೂ ಕಾಣಲಿಲ್ಲ. ಬಣ್ಣದ ಔಷಧ ಬಿಟ್ಟರೂ ಅದು ಹೀರಿಕೊಂಡಿಲ್ಲ, "ಅದಕ್ಕೆ ರಕ್ತ ಹೋಗ್ತಿಲ್ಲಮ್ಮ" ಅಂದಳು. ಬಲಭಾಗ ಒಣಗುತ್ತಿದ್ದಂತೆ ಎಡಭಾಗದ ಒಳ್ಳೆಯ ಲಿವರ್ ಬೆಳೆದುಕೊಂಡಿದೆ. ಇಷ್ಟು ದಿನ ಸುಮ್ಮನೆ ಮೂಲೆಯಲ್ಲಿದ್ದದ್ದು ಈಗ ಇಡೀ ಮನೆಯ ಕೆಲಸ ಮಾಡುವಷ್ಟಾಗಿದೆ.

ಹಾಗಾಗಿ ಹೊಸ ಮಾತು ಹುಟ್ಟಿದೆ. ಬಲಭಾಗವನ್ನು ಗಂಟಿನ ಸಮೇತ ಕೊಯ್ದು ತೆಗೆಯಬಹುದು. ಆಗಸ್ಟಿನಲ್ಲಿ ಆಗದಿದ್ದದ್ದು ಈಗ ಆಗುತ್ತದೆ. ದೊಡ್ಡ ಆಪರೇಷನ್, ಅಪಾಯ ಇಲ್ಲ ಅಂತ ಹೇಳಲಾಗುವುದಿಲ್ಲ. ಬೇಡವೆಂದರೆ ಔಷಧಿ ಕೊಟ್ಟು ನೋಡುತ್ತಾ ಹೋಗುವುದು ಇನ್ನೊಂದು ದಾರಿ. ಗಂಟು ಮತ್ತೆ ಚಿಗುರಬಹುದು, ಚಿಗುರದೆಯೂ ಇರಬಹುದು.

"ಏನಂತೀರ?" ಅಂತ ಡಾಕ್ಟರು ನನ್ನ ಕಡೆ ನೋಡಿದಳು. ಅವಳಿಗೂ ಅಭ್ಯಾಸವಾಗಿದೆ.

ಮಾಡಿಬಿಡಿ ಅನ್ನುವ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಯಾಕೋ ಹೊರಗೆ ಬರಲಿಲ್ಲ. ಬೆಳಿಗ್ಗೆ ಬಸ್ಸಿನಲ್ಲಿ ತಣ್ಣನೆಯ ಗಾಳಿ ಕುಡಿದದ್ದಕ್ಕಿರಬೇಕು, ಗಂಟಲು ಸರಿಯಿಲ್ಲ. ನೀರಿನ ಬಾಟಲಿ ತೆಗೆದುಕೊಂಡೆ. ಇವರು ನನ್ನ ಮುಖ ನೋಡುತ್ತಾ ಕಾದರು. ನಾನು ನೀರು ಕುಡಿಯುತ್ತಲೇ ಇದ್ದೆ.

ಕೊನೆಗೆ ಇವರೇ ಬಾಯಿಬಿಟ್ಟರು. "ಮಾಡಿ ಡಾಕ್ಟ್ರೇ. ಇವಳೂ ಅದೇ ಅಂತಾಳೆ, ಮುಖ ನೋಡಿದ್ರೆ ಗೊತ್ತಾಗುತ್ತೆ. ಆದ್ರೆ ನಂಗೆ ಭಯ ಆಗ್ತಿದೆ. ಅದನ್ನೂ ಬರ್ಕೊಳಿ."

ಡಾಕ್ಟರು ನಿಜವಾಗಿಯೂ ಬರೆದುಕೊಂಡಳು. ಇವರ ಬಾಯಲ್ಲಿ ಭಯ ಅನ್ನುವ ಮಾತು ನಾನು ಕೇಳಿದ್ದು ಇದೇ ಮೊದಲು.

ಆಮೇಲೆ ಮೋನಿಷಾ ಬಂದಳು. ಆಪರೇಷನ್ನಿಗೆ ಮುಂಚೆ ಮೈ ಇನ್ನೂ ಗಟ್ಟಿಯಾಗಬೇಕು, ಏನು ಇಷ್ಟ ಹೇಳಿ ಅಂದಳು. ನನ್ನ ಗಂಟಲು ಆಗಲೂ ಸರಿಯಿರಲಿಲ್ಲ. ಇವರು ಚಪ್ಪಲಿ ನೋಡಿಕೊಂಡು, "ಏನಾದ್ರೂ ಸರಿ ಕಣಮ್ಮ. ನುಗ್ಗೆಸೊಪ್ಪು ಒಂದು ಬೇಡ. ಮದ್ವೆ ಆದಾಗಿಂದ್ಲೂ ನಂಗದು ಸೇರಲ್ಲ" ಅಂದರು.

ಕೀರ್ತನ ನಕ್ಕ ನಗುವಿಗೆ ಪಕ್ಕದ ಕೋಣೆಯ ನರ್ಸ್ ಬಂದು ಇಣುಕಿದಳು.

ಜನವರಿ 5, ಸೋಮವಾರ

ಸಂಕ್ರಾಂತಿ ಕಳೆದ ಮೇಲೆ ಆಪರೇಷನ್. ದಿನ ಕೊಟ್ಟಿದ್ದಾರೆ.

ಹಿತ್ತಲಿನ ನುಗ್ಗೆಗಿಡಕ್ಕೆ ಇನ್ನು ನೆಮ್ಮದಿ. ಬೆಳಿಗ್ಗೆ ಹಾಲಿನ ಲಾರಿ ಹೋದ ಮೇಲೆ ಮನೆಗೆ ಬಂದು, "ಇವತ್ತು ಏನ್ ಮಾಡ್ಲಿ?" ಅಂದೆ.

ಇವರು ತಲೆ ಎತ್ತಿ ನೋಡಿದರು. "ಗೊತ್ತಿಲ್ಲ ಕಣೆ. ಯಾರೂ ಕೇಳೇ ಇರ್ಲಿಲ್ಲ."

"ಯೋಚ್ನೆ ಮಾಡಿ, ಕಾಯ್ತೀನಿ" ಅಂದೆ. ಒಲೆ ಹಚ್ಚದೆ ಹೊಸಿಲ ಮೇಲೆ ಕೂತೆ.

"ಅವರೆಕಾಯಿ ಕಾಲ ಅಲ್ವಾ. ಹಿತಕಿದ ಬೇಳೆ ಸಾರು" ಅಂದರು.

ಅದು ಕೈತುಂಬ ಕೆಲಸ. ಕಾಯಿ ಸುಲಿದು, ಕಾಳು ನೆನೆಸಿ, ಒಂದೊಂದೇ ಕಾಳಿನ ಸಿಪ್ಪೆ ಹಿತುಕಿ ತೆಗೆಯಬೇಕು. ಮಧ್ಯಾಹ್ನ ಪಾತ್ರೆಯನ್ನು ಪಡಸಾಲೆಗೆ ತಂದೆ, ಇವರೂ ಪಕ್ಕಕ್ಕೆ ಬಂದು ಕೂತರು. ಇಬ್ಬರೂ ಹಿತುಕುತ್ತಾ ಕೂತೆವು. ಇವರ ಬೆರಳಿನಿಂದ ಒಂದು ಕಾಳು ಚಿಮ್ಮಿ ನನ್ನ ಮೂಗಿಗೆ ಬಡಿಯಿತು.

"ಏನು ಭಯ ನಿಮ್ಗೆ?" ಅಂತ ಕೇಳಿದೆ.

ಪಾತ್ರೆಯಲ್ಲಿನ ಕಾಳು ಮುಗಿಯುವವರೆಗೂ ಹೇಳಿದರು. ನಾನು ಕೇಳಿದೆ. ಊಟ ಹೊತ್ತು ಮೀರಿತು.